ನೆತ್ತರಿನ ಪಾಠಾಂತರ

ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ನನಗೂ ವಿಜ್ಞಾನಕ್ಕೂ ಬಹು ದೂರ. ಆದರೂ ಈ ವರ್ಷ ಗ್ರಂಥಸಂಪಾದನೆಯ ಪಾಠ ಕೇಳುವಾಗಲೆಲ್ಲ ನನ್ನ ಮನಸ್ಸು ಓಲೆಗರಿಯನ್ನು ಬಿಟ್ಟು ನೆತ್ತರಿನ ಕಡೆಗೆ ಓಡುತ್ತಿತ್ತು. ಅದಕ್ಕೆ ಕಾರಣ ಕೆಂಗೇರಿಯ ನಮ್ಮ ದೊಡ್ಡಮ್ಮ. ಎದೆಯ ಗಂಟನ್ನು ಒಂದು ವರ್ಷ ಯಾರಿಗೂ ಹೇಳದೆ ಮುಚ್ಚಿಟ್ಟು, 2023ರಲ್ಲಿ ತೀರಿಕೊಂಡರು.

2024ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನದೇ ಆದ ಸ್ಟ್ರಾಂಡ್ ಲೈಫ್ ಸೈನ್ಸಸ್ ಸಂಸ್ಥೆಯು ‘ಕ್ಯಾನ್ಸರ್‌ಸ್ಪಾಟ್’ ಎಂಬ ರಕ್ತಪರೀಕ್ಷೆಯನ್ನು ಪ್ರಕಟಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಆರಂಭಿಸಿದ ಸಂಸ್ಥೆಯದು. ಗಂಟು ಕೈಗೆ ಸಿಗುವ ಮೊದಲೇ ರಕ್ತ ಅದರ ಸುಳಿವು ಹೇಳುವುದಾದರೂ ಹೇಗೆ? ಕುತೂಹಲದಿಂದ ಹುಡುಕಿ ಓದಿದೆ.

ಸಾಯುವ ಜೀವಕೋಶಗಳು ತಮ್ಮ ಡಿಎನ್‌ಎಯ ಚೂರುಗಳನ್ನು ರಕ್ತದಲ್ಲಿ ಚೆಲ್ಲುತ್ತವೆ. ಚೂರೊಂದರಲ್ಲಿ ಸುಮಾರು 167 ಅಕ್ಷರಗಳು. ವರ್ಣಮಾಲೆ ಮಾತ್ರ ಎ, ಸಿ, ಜಿ, ಟಿ ಎಂಬ ನಾಲ್ಕೇ. ಕೆಲವು ‘ಸಿ’ಗಳ ಮೇಲೆ ಮೀಥೈಲ್ ಎಂಬ ಸಣ್ಣ ಗುರುತು ಕುಳಿತಿರುತ್ತದೆ. ಕ್ಯಾನ್ಸರ್ ತಗುಲಿದ ಕೋಶದಲ್ಲಿ ಈ ಗುರುತು ಇರಬೇಕಾದ ಕಡೆ ಅಳಿಯುತ್ತದೆ, ಇರಬಾರದ ಕಡೆ ಕೂಡುತ್ತದೆ. ಪರೀಕ್ಷೆಯು ಅರಸುವುದು ಇದನ್ನೇ.

ಗುರುತನ್ನು ಓದಲು ಒಂದು ಉಪಾಯವುಂಟು. ಬೈಸಲ್ಫೈಟ್ ಎಂಬ ರಾಸಾಯನಿಕ ಬೆರೆಸಿದರೆ ಗುರುತಿಲ್ಲದ ‘ಸಿ’ಯು ‘ಟಿ’ಯೆಂದು ಓದಿಸಿಕೊಳ್ಳುತ್ತದೆ, ಗುರುತುಳ್ಳದ್ದು ‘ಸಿ’ಯಾಗಿಯೇ ಉಳಿಯುತ್ತದೆ. ಮುಂದಿನದು ತಂತ್ರಾಂಶದ ಕೆಲಸ. ಇಂಗ್ಲೆಂಡಿನ ಬಾಬ್ರಹಾಂ ಸಂಸ್ಥೆಯವರು 2011ರಲ್ಲಿ ಹೊರತಂದ ‘ಬಿಸ್ಮಾರ್ಕ್’ ಅಂಥದೊಂದು. ಅದು ಲಕ್ಷಾಂತರ ಚೂರುಗಳನ್ನು ಮೂಲಪಾಠದೊಡನೆ ಹೋಲಿಸಿ, ‘ಸಿ’ ಎಲ್ಲೆಲ್ಲಿ ಉಳಿದಿದೆಯೆಂದು ಪಟ್ಟಿ ಮಾಡುತ್ತದೆ. ರೋಗಿಗಳ ಮತ್ತು ಆರೋಗ್ಯವಂತರ ರಕ್ತವನ್ನು ನೋಡಿ ಕಲಿತ ಬೇರೆ ತಂತ್ರಾಂಶವು ಅಂಥ ಪಟ್ಟಿಯನ್ನು ತೂಗಿ, ಕೇಡಿದೆಯೇ, ಯಾವ ಅಂಗದಲ್ಲಿ ಎಂದು ಊಹಿಸುತ್ತದೆ. ಪಾಠಾಂತರಗಳನ್ನು ಹಿಡಿದು ಹಸ್ತಪ್ರತಿಯ ಮೂಲವನ್ನು ಪತ್ತೆಮಾಡುವ ನಮ್ಮ ಸಂಪಾದಕರಂತೆಯೇ!

ಆದರೆ ಅದು ಊಹೆಯೇ. ಸುಳಿವು ಸಿಕ್ಕರೆ ಸ್ಕ್ಯಾನ್, ಬಯಾಪ್ಸಿಗಳಿಂದ ಖಚಿತವಾಗಬೇಕು. ಸಿಗದಿದ್ದರೆ ರೋಗವೇ ಇಲ್ಲವೆಂದಲ್ಲ. ಎಳೆಯ ಗಡ್ಡೆಯಿಂದ ರಕ್ತಕ್ಕೆ ಬರುವ ಚೂರುಗಳು ಅತ್ಯಲ್ಪ.

ಒಂದು ಸಂಜೆ, ವಿಜಯನಗರದ ನಮ್ಮ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದ ಅಮ್ಮನಿಗೆ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಆಕೆ ಕೈಕೆಲಸ ನಿಲ್ಲಿಸದೆ ಕೇಳಿ, ಕೊನೆಗೆ ಒಂದೇ ಮಾತು ಆಡಿದಳು:

“ಅಕ್ಕ ಒಂದು ವರ್ಷ ಬಾಯಿ ಬಿಡಲಿಲ್ಲವಲ್ಲೇ, ಅದನ್ನ ಯಾವ ಯಂತ್ರ ಓದೀತು?”

ನಾನು ನಿರುತ್ತರಳಾದೆ. ಆ ವರ್ಷ ದೊಡ್ಡಮ್ಮನ ಮನೆಯಲ್ಲಿ ಎಷ್ಟು ಸಲ ಉಂಡು ಬಂದಿದ್ದೆನೋ! “ಹೇಗಿದ್ದೀರಿ?” ಎಂದು ಕೇಳಿದ್ದೆನೇ ಹೊರತು ಉತ್ತರಕ್ಕಾಗಿ ನಿಂತಿರಲಿಲ್ಲ.

“ನಿನಗೇನೂ ಇಲ್ಲ ತಾನೆ, ಅಮ್ಮ?” ಎಂದೆ. ಆಕೆಯ ಕೈ ನಿಂತಿತು. ಈ ಬಾರಿ ನಾನು ಉತ್ತರಕ್ಕಾಗಿ ಕಾದೆ.

ಮುಂದಿನ ಸೋಮವಾರ ಇಬ್ಬರೂ ಆಸ್ಪತ್ರೆಗೆ ಹೋದೆವು. ವೈದ್ಯರು ಪರೀಕ್ಷೆಗಳನ್ನು ಮಾಡಿಸಿ, ಭಯಪಡುವಂಥದೇನಿಲ್ಲ ಎಂದರು. ಹಿಂದಿರುಗುವಾಗ ಬಸ್ಸಿನಲ್ಲಿ ಅಮ್ಮ, “ಮುಂದಿನ ವರ್ಷವೂ ಜ್ಞಾಪಿಸು” ಎಂದು ಹೇಳಿ, ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.