ಸೊಂಟಕ್ಕೆ ನಾಮಕರಣ

ನನ್ನ ಸೊಂಟನೋವು ಮೊದಲ ಮೂರು ವರ್ಷ ಕನ್ನಡದಲ್ಲಿತ್ತು. 'ಹಿಡಿದುಕೊಂಡಿದೆ' ಎಂದರೆ ಮನೆಯವರಿಗೆ ತಿಳಿಯುತ್ತಿತ್ತು. 'ಚಳುಕು ಹೊಡೆಯಿತು' ಎಂದರೆ ಬಿಸಿನೀರು ಬರುತ್ತಿತ್ತು. ನಾಲ್ಕನೆಯ ವರ್ಷ ಬಳ್ಳಾರಿಯ ಮೂಳೆ ವೈದ್ಯರೊಬ್ಬರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಅದಕ್ಕೆ ನಾಮಕರಣ ಮಾಡಿದರು: ಲಂಬಾರ್ ಸ್ಪಾಂಡಿಲೋಸಿಸ್. ನೋವು ಎಳ್ಳಷ್ಟೂ ಇಳಿಯಲಿಲ್ಲ. ಅದರ ಅಂತಸ್ತು ಮಾತ್ರ ಏರಿತು. ಅದುವರೆಗೆ 'ಎಲ್ಲರಿಗೂ ಇರುವುದೇ' ಎನ್ನುತ್ತಿದ್ದ ಮೇಲಧಿಕಾರಿಗಳು ಮಾರನೆಯ ದಿನವೇ ನನ್ನ ಕುರ್ಚಿ ಬದಲಿಸಿಕೊಟ್ಟರು.

ಇಷ್ಟು ಪ್ರಭಾವವುಳ್ಳ ಹೆಸರಿನ ಅರ್ಥವೇನಿರಬಹುದೆಂದು ನಿಘಂಟು ತೆರೆದೆ. ಲಂಬಸ್ ಎಂದರೆ ಲ್ಯಾಟಿನಿನಲ್ಲಿ ಸೊಂಟ. ಸ್ಪಾಂಡಿಲೋಸ್ ಎಂದರೆ ಗ್ರೀಕಿನಲ್ಲಿ ಬೆನ್ನುಮಣಿ. ಕೊನೆಯ 'ಓಸಿಸ್' ಎಂದರೆ ಒಂದು ಸ್ಥಿತಿ. ಒಟ್ಟಿನಲ್ಲಿ, ಸೊಂಟದ ಬೆನ್ನುಮಣಿಗೆ ಏನೋ ಆಗಿದೆ. ಮೂರು ವರ್ಷದಿಂದ ನಾನು ಹೇಳುತ್ತಿದ್ದುದೂ ಇದನ್ನೇ ತಾನೆ!

ಆದರೂ ಗ್ರೀಕರಿಗೆ ಅನ್ಯಾಯ ಮಾಡಬಾರದು. ನಮ್ಮ ಬೀದಿಯಲ್ಲಿ ಸ್ಪಾಂಡಿಲೋಸಿಸ್, ಸ್ಪಾಂಡಿಲೈಟಿಸ್ ಎರಡನ್ನೂ ಒಂದೇ ಎಂಬಂತೆ ಆಡುತ್ತಾರೆ. ವೈದ್ಯರಿಗೆ ಆ ಬಾಲವೇ ಮುಖ್ಯ. 'ಐಟಿಸ್' ಎಂದರೆ ಉರಿಯೂತ; ಬೆಳಿಗ್ಗೆ ಎದ್ದಾಗ ಮೈ ಮರಗಟ್ಟಿದಂತಿದ್ದು, ಓಡಾಡಿದಂತೆ ಸಡಿಲವಾಗುತ್ತದೆ. 'ಓಸಿಸ್' ಹೆಚ್ಚಾಗಿ ಸವೆತ. ದುಡಿದಷ್ಟೂ ನೋವು, ಮಲಗಿದರೆ ಸುಖ. ಒಂದರ ಮದ್ದೆಲ್ಲವೂ ಇನ್ನೊಂದಕ್ಕೆ ಸಲ್ಲದು.

ನಮ್ಮ ಆಯುರ್ವೇದದ ಹಿರಿಯರು ಹೆಸರಿಡುವಾಗ ನಿಘಂಟಿಗಿಂತ ಕಣ್ಣನ್ನು ನೆಚ್ಚಿದ್ದರೆಂದು ತೋರುತ್ತದೆ. ಸೊಂಟದಿಂದ ಹಿಮ್ಮಡಿಯವರೆಗೆ ಸೆಳೆಯುವ ನೋವಿಗೆ ಗೃಧ್ರಸಿ ಎಂದರು. ರೋಗಿ ಹದ್ದಿನಂತೆ ಹೆಜ್ಜೆ ಹಾಕುತ್ತಾನೆಂದು ಅದಕ್ಕೆ ವಿವರಣೆ. ಊದಿದ ಮೊಣಕಾಲಿಗೆ ಕ್ರೋಷ್ಟುಕಶೀರ್ಷ, ಎಂದರೆ ನರಿಯ ತಲೆ! ನಾವು ವಾತವೆಂದು ಕರೆದುದನ್ನು ಪಶ್ಚಿಮದವರು ರುಮಾಟಿಸಂ ಎಂದರು. ರುಮಾ ಎಂದರೆ ಹರಿಯುವುದು. ಇಲ್ಲಿ ಗಾಳಿ ಬೀಸಿತು, ಅಲ್ಲಿ ನೀರು ಹರಿಯಿತು. ಎರಡು ಕಡೆಯೂ ಕೀಲು ನೋಯಿತು. ಹೊಸ ಹೆಸರುಗಳೂ ದಾರಿ ತಪ್ಪಿಸುವುದುಂಟು. 'ಡಿಸ್ಕ್ ಜಾರಿದೆ' ಎಂದು ಕೇಳಿದವರು ಅದನ್ನು ತಳ್ಳಿ ಕೂರಿಸಲು ಉಳುಕು ತೆಗೆಯುವವರನ್ನು ಹುಡುಕುತ್ತಾರೆ. ಅಲ್ಲಿ ಯಾವ ಬಿಲ್ಲೆಯೂ ಜಾರಿರುವುದಿಲ್ಲ. ಬೆನ್ನುಮಣಿಗಳ ನಡುವಣ ಮೆತ್ತೆಯ ಒಳತಿರುಳು ಉಬ್ಬಿ ನರವನ್ನು ಒತ್ತುತ್ತಿರುತ್ತದೆ. ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು 1934ರಲ್ಲಿಯೇ ಇದನ್ನು ತೋರಿಸಿಕೊಟ್ಟರು.

ತಂಗಿಯನ್ನು ಕೊಟ್ಟ ಊರು ಸಿರುಗುಪ್ಪ. ತುಂಗಭದ್ರೆಯ ನೀರುಂಡ ಗದ್ದೆಗಳ ನಾಡು. ನಾಟಿಯ ದಿನಗಳಲ್ಲಿ ಹೆಂಗಸರು ಸಾಲುಗಟ್ಟಿ, ಬೆಳಗಿನಿಂದ ಸಂಜೆಯವರೆಗೆ ಬಗ್ಗಿ, ಕೆಸರಿನಲ್ಲಿ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಸಸಿ ನೆಡುತ್ತಾರೆ. ಬದುವಿನ ಮೇಲೆ ಬುತ್ತಿ ಬಿಚ್ಚಿದ್ದ ಒಬ್ಬ ಹಿರಿಯಳನ್ನು ಕೇಳಿದೆ: "ಸೊಂಟ ನೋಯೋದಿಲ್ಲೇನಮ್ಮಾ?"

"ಸೊಂಟ ಐತಂದ ಮ್ಯಾಲೆ ನೋಯ್ದಂಗ ಇರ್ತೈತೇನಪ್ಪಾ?"

ಎಕರೆಗಿಷ್ಟೆಂದು ಗುತ್ತಿಗೆ ಹಿಡಿದ ಗುಂಪು ಅದು. ಒಬ್ಬಳು ನೆಟ್ಟಗೆ ನಿಂತರೆ ಸಾಲೇ ಹಿಂದೆ ಬೀಳುತ್ತದೆ. ನನ್ನ ಬೆನ್ನುಮಣಿಗೆ ಗ್ರೀಕ್ ಹೆಸರು ಸಿಕ್ಕಿ ಮೆತ್ತನೆಯ ಕುರ್ಚಿ ಬಂತು. ಆಕೆಯದು ಬರಿಯ ಸೊಂಟನೋವು. ಅದಕ್ಕೆ ಯಾರೂ ರಜೆ ಕೊಡುವುದಿಲ್ಲ.

ಕುರುಗೋಡಿನ ಆಚೆಯ ಹಳ್ಳಿಯಲ್ಲಿ ದೊಡ್ಡಮ್ಮನ ಮಗಳು, ನನಗೆ ಅಕ್ಕ, ಇದ್ದಾಳೆ. ಅವಳ ಕುತ್ತಿಗೆ ತಿರುಗದು. ಹಿಂದಿನಿಂದ ಕೂಗಿದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾಳೆ. ನೆಲದ ಮೇಲೆ ಕೂತರೆ ಏಳಿಸಲು ಇಬ್ಬರು ಬೇಕು. ಮನೆಯವರು ಮೊದಲು ವಾಯು ಎಂದರು, ಆಮೇಲೆ ವಯಸ್ಸು ಎಂದರು. ವಯಸ್ಸೆಂಬುದು ಎಲ್ಲ ವಿಚಾರಣೆಯನ್ನೂ ಮುಗಿಸಿಬಿಡುವ ಹೆಸರು; ಅವಳಿಗೆ ಆಗಿನ್ನೂ ಐವತ್ತೈದು. ಬಳ್ಳಾರಿಗೆ ಕರೆತಂದೆ. ಎಕ್ಸ್‌ರೇಯಲ್ಲಿ ಮೂಳೆಗಳು ಸುಣ್ಣ ಬಳಿದಷ್ಟು ಬೆಳ್ಳಗಿದ್ದವು. ವೈದ್ಯರು ನೋವಿನ ಮಾತೇ ಎತ್ತಲಿಲ್ಲ. "ಯಾವ ನೀರು ಕುಡೀತೀರಮ್ಮಾ? ಎಷ್ಟು ವರ್ಷದಿಂದ?" ಎಂದರು.

ಸ್ಕೆಲಿಟಲ್ ಫ್ಲೋರೋಸಿಸ್. ನೋವು ಎಲ್ಲಿ, ಹೇಗೆ ಎಂದಷ್ಟೇ ಹೇಳದೆ ಏಕೆ ಎಂದೂ ಹೇಳಿದ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ನಮ್ಮ ಸೀಮೆಯ ಗ್ರಾನೈಟು ಬಂಡೆಗಳಲ್ಲಿ ಫ್ಲೋರಿನ್ ಇರುವ ಖನಿಜಗಳುಂಟು. ಅದು ಕರಗಿ ಆಳದ ನೀರಿಗಿಳಿಯುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮನ್ನು ಮೀರಬಾರದೆಂಬುದು ಕಟ್ಟಳೆ. ಅದನ್ನು ಬಹಳ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆ ದಪ್ಪವಾಗಿ, ಕೀಲಿನ ಕಟ್ಟುಗಳೇ ಸುಣ್ಣಗಟ್ಟುತ್ತವೆ. ಕುದಿಸಿದರೆ ಹೋಗುವಂಥದಲ್ಲ. ನಮ್ಮ ದೇಶದಲ್ಲಿ ವೈದ್ಯರು ಇದನ್ನು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿ ಬರೆದರು. ಆ ದಿನಗಳಲ್ಲಿ ಬಳ್ಳಾರಿಯೂ ಅದೇ ಪ್ರಾಂತದಲ್ಲಿತ್ತು.

ಬಿಗಿದ ಮೂಳೆಯನ್ನು ಸಡಿಲಿಸುವ ಮದ್ದಿಲ್ಲ. ನೀರು ಬದಲಿಸಿ ಎಂದರು ವೈದ್ಯರು. ಅಕ್ಕ ಮಾತ್ರೆಯ ವಿಚಾರ ಕೇಳಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ, ಮೊಮ್ಮಕ್ಕಳ ಶಾಲೆಗೆ ನೀರು ಎಲ್ಲಿಂದ ಬರುತ್ತದೆಂದು ಮಗನನ್ನು ಕೇಳಿದಳು.

ಈಗ ಊರಿನಲ್ಲಿ ಶುದ್ಧ ನೀರಿನ ಘಟಕವಿದೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಯಂತ್ರ ಕೆಟ್ಟು ನಿಂತಾಗ ಅಕ್ಕ ಮಗನನ್ನು ಬೈಕಿನಲ್ಲಿ ಪಕ್ಕದೂರಿಗೆ ಅಟ್ಟಿ ಮಕ್ಕಳಿಗೆ ನೀರು ತರಿಸುತ್ತಾಳೆ. ತಾನು ಮಾತ್ರ ಹಳೆಯ ಕೊಳವೆಬಾವಿಯ ನೀರನ್ನೇ ಕುಡಿಯುತ್ತಾಳೆ. ನಾನು ಗದರಿಸಿದರೆ ಮೈಯನ್ನೆಲ್ಲ ನನ್ನತ್ತ ತಿರುಗಿಸಿ ಹೇಳುತ್ತಾಳೆ: "ನನ್ನ ಕುತ್ತಿಗಿ ಇನ್ನ ಎತ್ತಾಗ ತಿರಗಬೇಕಾಗೈತೋ ತಮ್ಮಾ?"