ಉತ್ತರ ನಾಳೆ

ಬಸ್ಸು ಹೊರಡಲು ಇನ್ನು ಐದು ನಿಮಿಷ ಇದೆ ಅನ್ನುವಾಗ ಸೌತೆಕಾಯಿ, ಕಡಲೆಕಾಯಿ ಮಾರುವವರ ಹಿಂದೆಯೇ ಪುಸ್ತಕದವನೂ ಹತ್ತುತ್ತಿದ್ದ. ಕೈಯಲ್ಲಿ ತೆಳ್ಳನೆಯ ಪುಸ್ತಕಗಳು: ರಂಗೋಲಿ, ದೇವರನಾಮ, ಅಡುಗೆ, ಎಲ್ಲಕ್ಕಿಂತ ಕೆಳಗೆ ‘ಸಾಮಾನ್ಯ ಜ್ಞಾನ’. ಬೆಲೆ ಹೇಳುವ ಮೊದಲು ಅವನು ಒಂದು ಪ್ರಶ್ನೆ ಕೇಳುತ್ತಿದ್ದ. ಮೊಟ್ಟೆಯಿಟ್ಟು ಮರಿಗೆ ಹಾಲೂಡಿಸುವ ಪ್ರಾಣಿ ಯಾವುದು? ಹಿಂದಿನ ಸೀಟಿನಿಂದ ಯಾರೋ ಆಮೆ ಅನ್ನುವರು. ಆಮೆ ಎಲ್ಲಿ ಹಾಲು ಕೊಡುತ್ತದೆ ಮಾರಾಯರೆ ಎಂದು ಮತ್ತೊಬ್ಬರು ತಿದ್ದುವರು. ಉತ್ತರ ಬೇಕಾದವರು ಪುಸ್ತಕ ಕೊಳ್ಳಬೇಕು. ಆಸ್ಟ್ರೇಲಿಯಾದ ಪ್ಲಾಟಿಪಸ್ಸಿನ ಹೆಸರು ಮಲೆನಾಡಿನ ಎಷ್ಟೋ ಮಕ್ಕಳ ಕಿವಿಗೆ ಬಿದ್ದದ್ದು ಇಂಥ ಬಸ್ಸುಗಳಲ್ಲೇ.

ಆ ಪುಸ್ತಕಗಳ ಕಾಗದ ಒರಟು, ಅಚ್ಚುತಪ್ಪು ಹೇರಳ. ವಿಷಯಗಳಿಗೆ ಹಿಂದು ಮುಂದು ಇರಲಿಲ್ಲ. ಮಳೆಯ ಪಕ್ಕದಲ್ಲಿ ಜಿರಾಫೆ, ಜಿರಾಫೆಯ ಕೆಳಗೆ ಕ್ರಿಸ್‌ಮಸ್ ಕೇಕು, ಅದರ ಕೆಳಗೆ ಮಂಗೋಲಿಯದ ರಾಜಧಾನಿ. ಪರೀಕ್ಷೆಗೆ ಬಾರದ, ಯಾವ ಉಪಯೋಗಕ್ಕೂ ಇಲ್ಲದ ಸಂಗತಿಗಳು ಎಂಬುದೇ ಅವುಗಳ ಸೊಗಸು. ಲೋಕ ಇಷ್ಟು ದೊಡ್ಡದಿದೆ ಎಂದು ನಮಗೆ ಮೊದಲು ಹೇಳಿಕೊಟ್ಟದ್ದು ಅವೇ. ಮನೆಯಲ್ಲಿ ಸ್ವಲ್ಪ ಅನುಕೂಲವಿದ್ದವರ ಕಪಾಟಿನಲ್ಲಿ ನಿರಂಜನರು ಸಂಪಾದಿಸಿದ ‘ಜ್ಞಾನಗಂಗೋತ್ರಿ’ಯ 7 ಸಂಪುಟಗಳಿರುತ್ತಿದ್ದವು. ಅದಕ್ಕೂ ಹಿಂದಿನ ತಲೆಮಾರಿಗೆ ಶಿವರಾಮ ಕಾರಂತರ ‘ಬಾಲ ಪ್ರಪಂಚ’ವಿತ್ತು. ಉಳಿದವರಿಗೆಲ್ಲ ಬಸ್‌ಸ್ಟ್ಯಾಂಡೇ ವಿಶ್ವಕೋಶ.

ಆಗಸ್ಟ್ ಬಂತೆಂದರೆ ಹೈಸ್ಕೂಲುಗಳಲ್ಲಿ ರಸಪ್ರಶ್ನೆ. ನಾಲ್ಕು ಬೆಂಚು, ನಾಲ್ಕು ತಂಡ, ತಂಡಗಳಿಗೆ ತುಂಗಾ, ಭದ್ರಾ, ಶರಾವತಿ, ಕಾವೇರಿ ಎಂದು ಹೆಸರು. ಅಂಕ ಬರೆಯಲು ಕರಿಹಲಗೆಯ ಬಳಿ ಒಬ್ಬ ಹುಡುಗ. ಉತ್ತರ ಗೊತ್ತಿಲ್ಲದ ತಂಡ ‘ಪಾಸ್’ ಅಂದರೆ ಪ್ರಶ್ನೆ ಮುಂದಿನ ಬೆಂಚಿಗೆ ಹೋಗುತ್ತಿತ್ತು, ನಾಲ್ಕೂ ಬೆಂಚು ದಾಟಿದರೆ ಪ್ರೇಕ್ಷಕರಿಗೆ. ಪ್ರೇಕ್ಷಕರಲ್ಲಿ ಹೇಳಿದವರಿಗೆ ಒಂದು ಪೆನ್ನು. ಗೊತ್ತಿದ್ದೂ ಸುಮ್ಮನಿರಬೇಕಾದ ಆ ಸಂಕಟ, ಪಕ್ಕದವನ ಕಿವಿಯಲ್ಲಿ ಹೇಳಿಬಿಟ್ಟರೆ ಮೇಷ್ಟ್ರ ಕಣ್ಣಿಗೆ ಬೀಳುವ ಹೆದರಿಕೆ, ನಾಲ್ಕನೇ ಬೆಂಚೂ ‘ಪಾಸ್’ ಅಂದಾಗ ಸಭಾಂಗಣದ ತುಂಬ ಒಮ್ಮೆಗೇ ಮೇಲೇಳುತ್ತಿದ್ದ ಕೈಗಳು. ಇದನ್ನು ಅನುಭವಿಸದ ಮಕ್ಕಳ ಬಗ್ಗೆ ನನಗೆ ನಿಜವಾಗಿ ಮರುಕವಾಗುತ್ತದೆ.

ಅತಿ ಹೆಚ್ಚು ಮಳೆ ಬೀಳುವ ಜಾಗ ಯಾವುದು ಎಂದು ಕೇಳಿದರೆ ತೀರ್ಥಹಳ್ಳಿ ಕಡೆಯ ಮಕ್ಕಳ ನಾಲಿಗೆಯ ತುದಿಯಲ್ಲಿ ಆಗುಂಬೆಯೇ ಇರುತ್ತಿತ್ತು. ಪುನರ್ವಸು, ಪುಷ್ಯ ಮಳೆಯಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದೆ ಬೆಳೆದವರಿಗೆ ಇದಕ್ಕಿಂತ ಹೆಚ್ಚು ಮಳೆ ಇನ್ನೆಲ್ಲೋ ಬೀಳುತ್ತದೆ ಎಂದರೆ ನಂಬಿಕೆ ಹೇಗೆ ಬರಬೇಕು? ಚಿರಾಪುಂಜಿಯಲ್ಲಿ 1860ರ ಆಗಸ್ಟಿನಿಂದ 1861ರ ಜುಲೈವರೆಗೆ 26,461 ಮಿಲಿಮೀಟರ್ ಸುರಿದಿತ್ತು, ನಮ್ಮ ಲೆಕ್ಕದಲ್ಲಿ ಸಾವಿರ ಇಂಚಿಗೂ ಮಿಗಿಲು. ಆಗುಂಬೆಯ ಸರಾಸರಿ ಸುಮಾರು 300 ಇಂಚು. ಅದನ್ನು ಕೇಳಿದ ದಿನ ಇಡೀ ತರಗತಿ ಮಂಕಾಗಿ ಕೂತಿತ್ತು. ಆಮೇಲೆ ಚಿರಾಪುಂಜಿಯೂ ಮೊದಲ ಸ್ಥಾನವನ್ನು ಪಕ್ಕದ ಮಾಸಿನ್ರಾಮಿಗೆ ಬಿಟ್ಟುಕೊಟ್ಟಿತು. ಆಗುಂಬೆಯನ್ನು ಹುಲಿಕಲ್, ಅಮಗಾಂವ್‌ಗಳು ಕೆಲವು ವರ್ಷ ಹಿಂದೆ ಹಾಕಿದವು. ಊರಿನ ಅಭಿಮಾನವನ್ನು ಇಂಚಿನಲ್ಲಿ ಅಳೆಯುತ್ತಿದ್ದ ಕಾಲವದು.

ಹಾರುವ ಸಸ್ತನಿ ಯಾವುದು ಎಂಬ ಪ್ರಶ್ನೆಗೆ ಒಬ್ಬ ಹುಡುಗ ‘ಹಾರುಬೆಕ್ಕು’ ಎಂದು ಗಟ್ಟಿಯಾಗಿ ಹೇಳಿದ್ದ. ಅವನು ಅಡಿಕೆ ತೋಟದ ಅಂಚಿನಲ್ಲಿ ಮುಸ್ಸಂಜೆ ಅದನ್ನು ಕಣ್ಣಾರೆ ಕಂಡವನು. ಪುಸ್ತಕದಲ್ಲಿದ್ದ ಉತ್ತರ ಬಾವಲಿ. ಸ್ಪರ್ಧೆಯನ್ನು ಅಲ್ಲಿಗೇ ನಿಲ್ಲಿಸಿದ ಮೇಷ್ಟ್ರು ಹಾರುಬೆಕ್ಕಿಗೆ ರೆಕ್ಕೆಯಿಲ್ಲ, ಮುಂಗಾಲು ಹಿಂಗಾಲುಗಳ ನಡುವಿನ ಚರ್ಮವನ್ನು ಬಿಡಿಸಿಕೊಂಡು ಎತ್ತರದ ಮರದಿಂದ ತಗ್ಗಿನ ಮರಕ್ಕೆ ತೇಲುತ್ತದೆ, ರೆಕ್ಕೆ ಬಡಿದು ಮೇಲೇರುವುದು ಬಾವಲಿಯೊಂದೇ ಎಂದು ಬಿಡಿಸಿ ಹೇಳಿದರು. ಜಿರಾಫೆಯ ಕತ್ತಿನಲ್ಲಿ ಎಷ್ಟು ಮೂಳೆ ಎಂಬುದಕ್ಕೆ 7 ಎಂದು ಉತ್ತರ ಬಂದಾಗ ಎಲ್ಲರೂ ಕತ್ತಿನ ಹಿಂದೆ ಕೈಯಿಟ್ಟು ನೋಡಿಕೊಂಡೆವು. ನಮಗೂ ಅಷ್ಟೇ, ಇಲಿಗೂ ಅಷ್ಟೇ. ಇಂಥದ್ದನ್ನು ಒಮ್ಮೆ ಕೇಳಿದವರು ಸಾಯುವ ತನಕ ಮರೆಯುವುದಿಲ್ಲ.

ಹಬ್ಬ, ರಜೆಗಳ ಪ್ರಶ್ನೆಗಳಲ್ಲಿ ನನಗೆ ಇಂದಿಗೂ ಪ್ರಿಯವಾದದ್ದು ಆಗಸ್ಟ್ 15ರದ್ದು. ಅಂದು ನಮ್ಮ ಹಾಗೆಯೇ ಬಾವುಟ ಹಾರಿಸುವ ದೇಶಗಳು ಯಾವುವು? 1945ರಲ್ಲಿ ಜಪಾನಿನಿಂದ ಬಿಡುಗಡೆಯಾದ ಕೊರಿಯಾ, 1960ರಲ್ಲಿ ಫ್ರಾನ್ಸಿನಿಂದ ಸ್ವತಂತ್ರವಾದ ಕಾಂಗೋ ಗಣರಾಜ್ಯ. ನಮಗೆ ಸಕ್ಕರೆ ಮಿಠಾಯಿ ಸಿಗುವ ಹೊತ್ತಿಗೆ ಅಲ್ಲೂ ಮಕ್ಕಳು ಸಾಲಾಗಿ ನಿಂತಿರುತ್ತಾರೆ ಅನ್ನಿಸಿ ಹಿತವಾಗುತ್ತಿತ್ತು.

ಕಲ್ಕತ್ತೆಯಲ್ಲಿ ನೀಲ್ ಓಬ್ರಿಯನ್ 1967ರಲ್ಲಿ ನಡೆಸಿದ ಕ್ವಿಜ್ಜಿನಿಂದ ಈ ಹುಚ್ಚು ದೇಶಕ್ಕೆ ಹಬ್ಬಿತು. 1972ರಲ್ಲಿ ಬೋರ್ನ್‌ವಿಟಾ ಕ್ವಿಜ್ ಶುರುವಾಯಿತು. ಬೆಂಗಳೂರಿನಲ್ಲಿ 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತು. ಎರಡು ವರ್ಷ ಕಳೆದು ದೂರದರ್ಶನದಲ್ಲಿ ಸಿದ್ಧಾರ್ಥ ಬಸು ಬಂದರು. ಇವೆಲ್ಲ ಇಂಗ್ಲಿಷ್ ಬಲ್ಲವರ ಅಂಗಳ. ಕನ್ನಡದ ಮನೆಗಳಿಗೆ ಆ ಸುಖ ತಂದವರು ಚಂದನ ವಾಹಿನಿಯಲ್ಲಿ 2002ರಿಂದ ‘ಥಟ್ ಅಂತ ಹೇಳಿ’ ನಡೆಸಿದ ಡಾ. ನಾ. ಸೋಮೇಶ್ವರ. ಸರಿ ಉತ್ತರಕ್ಕೆ ಕನ್ನಡ ಪುಸ್ತಕ ಬಹುಮಾನ. ಅದಕ್ಕೆ ಎರಡು ವರ್ಷ ಮೊದಲೇ ಹಿಂದಿಯಲ್ಲಿ ಕೋಟಿ ರೂಪಾಯಿಯ ಆಟ ಆರಂಭವಾಗಿತ್ತು. ದುಡ್ಡಿನ ಆಟವನ್ನು ನಾನು ಹಳಿಯಲಾರೆ, ಎಷ್ಟೋ ಬಡವರ ಕೈಯನ್ನು ಅದು ಹಿಡಿದಿದೆ. ಆದರೂ ಪುಸ್ತಕ ಗೆದ್ದು ಎದೆಗವಚಿಕೊಂಡು ನಿಂತವರ ಮುಖವನ್ನು ನೋಡುವುದೇ ನನಗೆ ಹೆಚ್ಚು ಇಷ್ಟ.

ಸಾಮಾನ್ಯ ಜ್ಞಾನ ಈಗ ಧಾರವಾಡದ, ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರುಗಳಿಗೆ ಸೇರಿದೆ. ಅಲ್ಲಿ ಓದುವ ಹುಡುಗ ಹುಡುಗಿಯರ ಬದುಕೇ ಆ ನಾಲ್ಕು ಆಯ್ಕೆಗಳ ಮೇಲೆ ನಿಂತಿದೆ, ಅವರ ಶ್ರಮ ದೊಡ್ಡದು. ಆದರೆ ಉದ್ಯೋಗಕ್ಕೆಂದು ಜಿರಾಫೆಯ ಕತ್ತನ್ನು ಬಾಯಿಪಾಠ ಮಾಡುವವರಿಗೆ ತಮ್ಮ ಕತ್ತು ಮುಟ್ಟಿ ನೋಡಲು ಪುರುಸೊತ್ತೆಲ್ಲಿ? ಬ್ರಿಟಾನಿಕಾ ವಿಶ್ವಕೋಶವೇ ಮುದ್ರಣ ನಿಲ್ಲಿಸುವುದಾಗಿ 2012ರಲ್ಲಿ ಹೇಳಿತು. ನಮ್ಮ ಬಸ್ಸಿನ ಪುಸ್ತಕದವನು ಯಾವ ವರ್ಷ ಹತ್ತುವುದನ್ನು ನಿಲ್ಲಿಸಿದನೋ ಯಾರೂ ಗಮನಿಸಲಿಲ್ಲ.

ನಾವು ಕಲಿತ ಉತ್ತರಗಳೂ ಒಂದೊಂದಾಗಿ ಕಳಚಿವೆ. ಏಕೀಕರಣದಲ್ಲಿ 19 ಇದ್ದ ಜಿಲ್ಲೆಗಳು 1997ರಲ್ಲಿ 27 ಆದವು, 2021ರಲ್ಲಿ ವಿಜಯನಗರ ಸೇರಿ 31. ಒಂಬತ್ತು ಗ್ರಹಗಳನ್ನು ರಾಗವಾಗಿ ಹೇಳುತ್ತಿದ್ದೆವು, 2006ರಲ್ಲಿ ಪ್ಲೂಟೊ ಹೋಯಿತು. ಭೂಮಿಯ ಅತಿ ಹೆಚ್ಚು ತಾಪಮಾನ ಲಿಬಿಯಾದ ಅಲ್ ಅಜೀಜಿಯಾದ್ದು ಎಂಬ ದಾಖಲೆಯನ್ನು ವಿಶ್ವ ಹವಾಮಾನ ಸಂಸ್ಥೆ 2012ರಲ್ಲಿ ತೆಗೆದುಹಾಕಿತು. ಭಾರತದಿಂದ ಅಳಿದ ಸಸ್ತನಿ ಯಾವುದು ಎಂದರೆ ಚೀತಾ ಅನ್ನುತ್ತಿದ್ದೆವು, 2022ರಲ್ಲಿ ನಮೀಬಿಯಾದಿಂದ ತಂದ ಚೀತಾಗಳನ್ನು ಕುನೋ ಕಾಡಿಗೆ ಬಿಟ್ಟರು. ಇದಕ್ಕೆ ನನಗೆ ದುಃಖವಿಲ್ಲ. ಲೋಕ ಬದಲಾದಾಗ ಉತ್ತರ ಬದಲಾಗಲೇಬೇಕು. ನನಗೆ ನೋವಿರುವುದು ಪ್ರಶ್ನೆಗೂ ಉತ್ತರಕ್ಕೂ ನಡುವೆ ಇದ್ದ ಒಂದು ರಾತ್ರಿಯ ಬಗ್ಗೆ.

ನಮ್ಮ ಶಾಲೆಯ ಬಾಗಿಲ ಬಳಿ ‘ದಿನಕ್ಕೊಂದು ಪ್ರಶ್ನೆ’ಯ ಹಲಗೆಯಿತ್ತು. ಪ್ರಶ್ನೆಯ ಕೆಳಗೆ ಎರಡೇ ಪದ: ಉತ್ತರ ನಾಳೆ. ಸಂಜೆ ಶಾಲೆ ಬಿಟ್ಟ ಮೇಲೆ ಆ ಪ್ರಶ್ನೆ ಊರೆಲ್ಲ ತಿರುಗುತ್ತಿತ್ತು. ಅಂಚೆಯಣ್ಣನನ್ನು ಕೇಳುತ್ತಿದ್ದೆವು, ಕಂಡಕ್ಟರರನ್ನು, ಸೊಸೈಟಿ ಗುಮಾಸ್ತರನ್ನು, ಊಟಕ್ಕೆ ಕೂತ ದೊಡ್ಡಪ್ಪನನ್ನು. ಡ್ಯಾನ್ಯೂಬ್ ನದಿ ಎಲ್ಲಿ ಹುಟ್ಟುತ್ತದೆ ಎಂದು ಬರೆದಿದ್ದ ದಿನ ಯಾರಿಗೂ ಗೊತ್ತಿರಲಿಲ್ಲ. ದೊಡ್ಡಪ್ಪ ಹಿಮಾಲಯದ ಆಚೆ ಇರಬೇಕು ಅಂದರು. ಮರುದಿನ ಉತ್ತರ ಬಂತು: ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಎಂಬ ಕಾಡು. ಆಗ ಒಬ್ಬಳು ಎದ್ದು ನಿಂತು, ಅದು ಕಾಡಲ್ಲ ಸಾರ್, ಕೇಕು, ನಮ್ಮ ಮಾವ ಬೆಂಗಳೂರಿನಲ್ಲಿ ಬೇಕರಿ ಕೆಲಸಕ್ಕಿದ್ದಾರೆ ಅಂದಳು. ಹುಟ್ಟುಹಬ್ಬಕ್ಕೂ ಕೇಕು ಕಾಣದಿದ್ದ ನಮಗೆ ಅಂದು ಕಾಡು, ನದಿ, ಆ ಸೀಮೆಯ ಚೆರ್ರಿ ಹಣ್ಣು ಮೂರೂ ಒಟ್ಟಿಗೆ ಸಿಕ್ಕವು. ಕ್ರಿಸ್‌ಮಸ್ ಕೇಕನ್ನು ನಮ್ಮವರೇ ಮೊದಲು ಸುಟ್ಟದ್ದು ಕರಾವಳಿಯ ತಲಶ್ಶೇರಿಯಲ್ಲಿ, 1883ರಲ್ಲಿ, ಮಂಬಳ್ಳಿ ಬಾಪು ಎಂಬವರು ಎಂಬ ಉತ್ತರದ ಇನ್ನೊಂದು ಪ್ರಶ್ನೆ ಅದೇ ವಾರ ಬಂತು. ಮೇಷ್ಟ್ರು ಬೇಕೆಂದೇ ಹಾಕಿದ್ದರು.

ಹಲಗೆ ಈಗಲೂ ಅಲ್ಲೇ ಇದೆ, ಅದರ ಮೇಲೆ ಸುತ್ತೋಲೆಗಳನ್ನು ಅಂಟಿಸುತ್ತಾರೆ. ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವೂ ಬೆಳಿಗ್ಗೆ ಯಾರೋ ಒಂದು ಸಾಮಾನ್ಯ ಜ್ಞಾನದ ಪ್ರಶ್ನೆ ಕಳಿಸುತ್ತಾರೆ. ಅದೇ ಚಿತ್ರದಲ್ಲಿ, ಪ್ರಶ್ನೆಯ ಕೆಳಗೇ, ಉತ್ತರವೂ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಹಿಮಾಲಯದ ಆಚೆ ಇರಬೇಕು ಎಂದು ಅಲ್ಲಿ ಯಾರೂ ಹೇಳುವ ಪ್ರಮೇಯವೇ ಬರುವುದಿಲ್ಲ.