ಫಾರ್ಮ್ಯಾಟ್ ಮಾಡಿಸೋಕಿಂತ ಮುಂಚೆ

2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗೀತು. ಹುಬ್ಬಳ್ಳಿ-ಧಾರವಾಡದಾಗ ಮನಿ ಕಂಪ್ಯೂಟರ್ ಪೂರಾ ಅಳಿಸಿ ಹೊಸ ಓಎಸ್ ಹಾಕಿಸೋರಿಗೆ ನಂದೊಂದು ಕಳಕಳಿಯ ವಿನಂತಿ.

ನಮ್ಮ ಕಡೆ ಬರಿಯೋ ಮಂದಿ ಭಾಳ. ರಿಟೈರ್ ಆದ ಮಾಸ್ತರು, ನಾಟಕ ಬರೆದವರು, ಮನೆತನದ ವಂಶಾವಳಿ ಟೈಪ್ ಮಾಡಿಟ್ಟವರು. ಅವರ ಹಳೇ ಫೈಲು ಹೆಚ್ಚಾಗಿ ನುಡಿ ಇಲ್ಲಾ ಬರಹ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನ್ಯಾಗ ಇರ್ತಾವ. ಅಲ್ಲಿ ಕಂಪ್ಯೂಟರ್ ಕನ್ನಡ ಅಂತ ಏನೂ ಉಳಿಸಿಕೊಂಡಿರೋದಿಲ್ಲ. ರೋಮನ್ ಅಕ್ಷರದ ಸಂಕೇತಕ್ಕ ಕನ್ನಡದ ರೂಪ ತೊಡಿಸೋದು ಆ ಫಾಂಟು. ಫಾಂಟ್ ಇರೋದು ಸಿ ಡ್ರೈವಿನ್ಯಾಗ. ಆ ಡ್ರೈವ್ ಅಳಿಸಿದ್ರ, ಡಿ ಡ್ರೈವಿನ ಫೈಲ್ ಉಳಿದ್ರೂ ತೆರೆದಾಗ ಕಾಣೋದು ಅರ್ಥ ಆಗದ ರೋಮನ್ ಅಕ್ಷರ. ಎಷ್ಟೋ ಮಂದಿ ಫೈಲ್ ಕೆಟ್ಟದ ಅಂತ ತಿಳಿದು ಡಿಲೀಟ್ ಮಾಡಿಬಿಡ್ತಾರ. ಇದು ನನಗ ಭಾಳ ಸಂಕಟದ ಮಾತು. ಬರೆದದ್ದು ಹಂಗೇ ಇರ್ತದ, ಅದೇ ಫಾಂಟ್ ಮತ್ತ ಹಾಕಿದ್ರ ಓದಾಕ ಬರ್ತದ.

ಹಂಗಾಗಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಜತಿಗೆ ಫಾಂಟ್ಸ್ ಫೋಲ್ಡರನ್ನೂ ಪೆನ್‌ಡ್ರೈವಿಗೆ ಹಾಕ್ಕೊಳ್ರಿ. ಕಂಪ್ಯೂಟರ್ ಚಾಲೂ ಇದ್ದಾಗನ ಫೈಲುಗಳನ್ನ, ಕನ್ನಡ ಅಕ್ಷರಕ್ಕ ತನ್ನದೇ ಸಂಕೇತ ಇರೋ ಯೂನಿಕೋಡಿಗೆ ಬದಲಿಸಿದ್ರ ಇನ್ನೂ ಚಲೋ. ನುಡಿ, ಬರಹ ಎರಡರಾಗೂ ಪರಿವರ್ತಕ ಅದ. ಒತ್ತಕ್ಷರ, ಅರ್ಕಾವೊತ್ತು ಒಮ್ಮೊಮ್ಮೆ ತಪ್ಪತಾವ, ಕೂತು ನೋಡಬೇಕು.

ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಇಲ್ಲದ ಹಳೇ ಮಷೀನಿಗೆ ವಿಂಡೋಸ್ 11 ಅಧಿಕೃತವಾಗಿ ಆಗಂಗಿಲ್ಲ. ಅಂಥದಕ್ಕ ಉಬುಂಟು ಅನ್ನೋ ಓಎಸ್ ಹಾಕಿಸ್ರಿ. ಯೂನಿಕೋಡ್ ಮಾಡಿಟ್ಟ ಕನ್ನಡ ಅಲ್ಲಿ ಲಿಬ್ರೆಆಫೀಸಿನ್ಯಾಗ ಸರಳ ತೆರೀತದ.